ಹುಲ್ಲು ಒಣಹಾಕುವ ಊರುಗಳ ನಡುವೆ: ಬೋಹಿನ್ ನಡಿಗೆಯ ತಪ್ಪು ಕಲ್ಪನೆಗಳು ಮತ್ತು ವಾಸ್ತವ

ಸ್ಲೊವೇನಿಯಾಕ್ಕೆ ಹೋಗಿಬಂದವರು ತೋರಿಸುವ ಫೋಟೊಗಳಲ್ಲಿ ಬ್ಲೆಡ್ ಸರೋವರದ ನಡುಗಡ್ಡೆಯೂ ಅದರ ಮೇಲಿನ ಚರ್ಚೂ ಇದ್ದೇ ಇರುತ್ತವೆ. ಅಲ್ಲಿಂದ ಸುಮಾರು 25 ಕಿಲೋಮೀಟರ್ ಮುಂದೆ ಬೆಟ್ಟಗಳ ಒಳಗೆ ಹೋದರೆ ಇನ್ನೊಂದು ಸರೋವರವಿದೆ, ಅದು ಬೋಹಿನ್. ದೇಶದ ಅತಿ ದೊಡ್ಡ ಶಾಶ್ವತ ನೈಸರ್ಗಿಕ ಸರೋವರ ಅದೇ. ಅದರ ಪೂರ್ವಕ್ಕಿರುವ ಕಣಿವೆಗಳಲ್ಲಿ ಹಳೆಯ ಊರುಗಳಿವೆ. ಒಂದೂರಿನ ಚರ್ಚಿನ ಗೋಪುರ ಕಣ್ಣಿಗೆ ಮರೆಯಾಗುವಷ್ಟರಲ್ಲಿ ಮುಂದಿನ ಊರಿನದು ಕಾಣಿಸಿಕೊಳ್ಳುತ್ತದೆ. ಆ ಊರುಗಳ ನಡುವಿನ ಕಾಲುದಾರಿಗಳಲ್ಲಿ ನಡೆಯುವುದು ಆಲ್ಪ್ಸ್ ಪರ್ವತವನ್ನು ಅರಿಯುವ ಅತ್ಯುತ್ತಮ ವಿಧಾನವೆಂದು ನಾನು ಬಲವಾಗಿ ನಂಬಿದ್ದೇನೆ. ಆದರೆ ಈ ಬಗೆಯ ನಡಿಗೆಯ ಸುತ್ತ ನಮ್ಮಲ್ಲಿ ಹಲವು ತಪ್ಪು ತಿಳಿವಳಿಕೆಗಳಿವೆ. ಅವನ್ನು ಒಂದೊಂದಾಗಿ ನೋಡೋಣ.

1. ತಪ್ಪು ಕಲ್ಪನೆ: ಆಲ್ಪ್ಸ್ ಎಂದರೆ ಸ್ವಿಟ್ಜರ್ಲೆಂಡ್.

ವಾಸ್ತವ: ಆಲ್ಪ್ಸ್ ಸುಮಾರು 1,200 ಕಿಲೋಮೀಟರ್ ಉದ್ದದ ಪರ್ವತ ಸಾಲು. ಫ್ರಾನ್ಸ್‌ನಿಂದ ಸ್ಲೊವೇನಿಯಾದವರೆಗೆ ಎಂಟು ದೇಶಗಳಲ್ಲಿ ಅದು ಹರಡಿದೆ. ಅದರ ಆಗ್ನೇಯದ ಕೊನೆಯಲ್ಲಿರುವ ಭಾಗಕ್ಕೆ ಜೂಲಿಯನ್ ಆಲ್ಪ್ಸ್ ಎಂದು ಹೆಸರು. ಇಲ್ಲಿನ ಅತಿ ಎತ್ತರದ ಶಿಖರ 2,864 ಮೀಟರಿನ ತ್ರಿಗ್ಲಾವ್. ‘ತ್ರಿ’ ಎಂದರೆ ನಮ್ಮಲ್ಲಿರುವಂತೆಯೇ ಮೂರು, ‘ಗ್ಲಾವ’ ಎಂದರೆ ತಲೆ. ಮೂರು ತಲೆಯ ಈ ಬೆಟ್ಟ ಸ್ಲೊವೇನಿಯಾದ ಲಾಂಛನದಲ್ಲೂ ಬಾವುಟದಲ್ಲೂ ಇದೆ. ಅದರ ದಕ್ಷಿಣದ ಬುಡದಲ್ಲಿ, ಹಿಂದೊಮ್ಮೆ ಹಿಮನದಿ ಕೊರೆದ ಬೋಗುಣಿಯಲ್ಲಿ, ಬೋಹಿನ್ ಸರೋವರ ನಿಂತಿದೆ. ಹಿಮನದಿ ತಳ್ಳಿ ತಂದು ಬಿಟ್ಟುಹೋದ ಕಲ್ಲುಮಣ್ಣಿನ ದಿಬ್ಬವೇ ಅದಕ್ಕೆ ಏರಿ.

2. ತಪ್ಪು ಕಲ್ಪನೆ: ಬೋಹಿನ್ ಎಂಬುದು ಸರೋವರದ ದಡದಲ್ಲಿರುವ ಒಂದು ಊರು.

ವಾಸ್ತವ: ಬೋಹಿನ್ ಎಂಬ ಹೆಸರಿನ ಊರೇ ಇಲ್ಲ. ಅದು ಇಡೀ ಸೀಮೆಯ ಹೆಸರು. ಅದರೊಳಗೆ ಇಪ್ಪತ್ತಕ್ಕೂ ಹೆಚ್ಚು ಊರುಗಳಿವೆ. 946 ಮೀಟರ್ ಎತ್ತರದ ರುದ್ನಿತ್ಸಾ ಎಂಬ ಗುಡ್ಡ ನಡುವೆ ಮಲಗಿ ಸೀಮೆಯನ್ನು ಮೇಲಿನ ಕಣಿವೆ, ಕೆಳಗಿನ ಕಣಿವೆ ಎಂದು ಎರಡು ಪಾಲು ಮಾಡಿದೆ.

ನಾಲ್ಕು ಕಿಲೋಮೀಟರಿಗೂ ಉದ್ದದ ಸರೋವರದ ದಡದಲ್ಲಿ ಮನೆಗಳಿರುವುದು ಎರಡು ತುದಿಗಳಲ್ಲಿ: ಪೂರ್ವಕ್ಕೆ ರಿಬ್ಚೆವ್ ಲಾಜ್, ಪಶ್ಚಿಮಕ್ಕೆ ಉಕಾಂತ್ಸ್. ಉತ್ತರದ ದಡದಲ್ಲಿ ಕಾಡು ನೀರಿನವರೆಗೂ ಇಳಿದಿದೆ, ಅಲ್ಲಿರುವುದು ಕಾಲುದಾರಿ ಮಾತ್ರ. ಹಳೆಯ ಬೇಸಾಯದ ಊರುಗಳು ನೀರಿನಿಂದ ತುಸು ಹಿಂದೆ, ಬಯಲು ಮತ್ತು ಬಿಸಿಲು ಇರುವಲ್ಲಿ ಕೂತಿವೆ. ರಿಬ್ಚೆವ್ ಲಾಜ್‌ನ ಕಲ್ಲಿನ ಸೇತುವೆ ದಾಟಿದರೆ ಸ್ವಲ್ಪ ಹೊತ್ತಿಗೆ ಸ್ತಾರಾ ಫುಝಿನಾ ಸಿಗುತ್ತದೆ. ಅಲ್ಲಿಂದ ಮುಂದೆ ಸ್ತುದೋರ್, ಆಮೇಲೆ ಸ್ರೆದ್ನ್ಯಾ ವಾಸ್, ನಂತರ ಚೆಶ್ನ್ಯಿತ್ಸಾ. ‘ವಾಸ್’ ಎಂದರೆ ಅವರ ನುಡಿಯಲ್ಲಿ ಹಳ್ಳಿ, ಸ್ರೆದ್ನ್ಯಾ ವಾಸ್ ಎಂದರೆ ನಡುವಿನ ಹಳ್ಳಿ. ಈ ಸಾಲನ್ನು ನಿಧಾನವಾಗಿ ನಡೆದು ಸಂಜೆಯೊಳಗೆ ಬಸ್ಸು ಹತ್ತಿ ಮರಳಬಹುದು. ಸರೋವರವನ್ನೇ ಸುತ್ತುವುದಾದರೆ ಸುಮಾರು 12 ಕಿಲೋಮೀಟರ್, ಮೂರರಿಂದ ನಾಲ್ಕು ಗಂಟೆಯ ಹಾದಿ.

3. ತಪ್ಪು ಕಲ್ಪನೆ: ಶಿಖರ ಏರಿದರೆ ಮಾತ್ರ ಚಾರಣ. ಊರಿಂದೂರಿಗೆ ನಡೆಯುವುದು ಕೈಲಾಗದವರ ಕೆಲಸ.

ವಾಸ್ತವ: ತ್ರಿಗ್ಲಾವ್ ಶಿಖರವನ್ನು ಮೊದಲು ಏರಿದವರು ಬೋಹಿನ್‌ನ ನಾಲ್ವರು. 1778ರ ಆಗಸ್ಟ್‌ನಲ್ಲಿ ಮೇಲೆ ಮುಟ್ಟಿದ ಆ ತಂಡದಲ್ಲಿ ಗಣಿ ಕೆಲಸಗಾರರಿದ್ದರು, ಒಬ್ಬ ಬೇಟೆಗಾರನಿದ್ದ, ಒಬ್ಬ ಶಸ್ತ್ರವೈದ್ಯನಿದ್ದ. ಅವರ ಪ್ರತಿಮೆಗಳು ರಿಬ್ಚೆವ್ ಲಾಜ್‌ನಲ್ಲಿ ಶಿಖರದತ್ತ ನೋಡುತ್ತ ನಿಂತಿವೆ. ಅವರು ಬೆಟ್ಟಕ್ಕೆ ಹೊಸಬರಾಗಿರಲಿಲ್ಲ. ಅದಿರು, ಬೇಟೆ, ಕಸುಬು ಅವರನ್ನು ಆ ಇಳಿಜಾರುಗಳಲ್ಲಿ ಮೊದಲೇ ಓಡಾಡಿಸಿತ್ತು. ದಿನದ ದುಡಿಮೆಗೆ ಸವೆದ ಜಾಡುಗಳು ಮೊದಲು, ಶಿಖರದ ಹಂಬಲ ಆಮೇಲೆ.

ಇದನ್ನು ಸ್ಲೊವೇನಿಯಾದವರೇ ಚೆನ್ನಾಗಿ ಬಲ್ಲರು. 2019ರಲ್ಲಿ ಅವರು ‘ಯೂಲಿಯಾನಾ’ ಎಂಬ ದೀರ್ಘ ಕಾಲುದಾರಿಯನ್ನು ತೆರೆದರು. ಅದರ ಮುಖ್ಯ ಸುತ್ತು ಸುಮಾರು 270 ಕಿಲೋಮೀಟರ್, ಹದಿನಾರು ಹಂತ. ಅದು ಯಾವ ದೊಡ್ಡ ಶಿಖರವನ್ನೂ ಏರುವುದಿಲ್ಲ. ಬೆಟ್ಟಗಳ ಬುಡದಲ್ಲಿ ಊರಿಂದೂರಿಗೆ ಹಾದು ಜೂಲಿಯನ್ ಆಲ್ಪ್ಸನ್ನು ಒಂದು ಪ್ರದಕ್ಷಿಣೆ ಹಾಕುತ್ತದೆ. ಸ್ತಾರಾ ಫುಝಿನಾ ಅದರ ಒಂದು ತಂಗುದಾಣ. ಶಿಖರದ ಮೇಲೆ ಹೆಚ್ಚು ಹೊತ್ತು ನಿಲ್ಲುವವರಿಲ್ಲ. ಹಳ್ಳಿಯ ದಾರಿಯಲ್ಲಿ ಇಡೀ ದಿನ ಕಣ್ಣಿಗೂ ಮನಸ್ಸಿಗೂ ಕೆಲಸವಿರುತ್ತದೆ.

4. ತಪ್ಪು ಕಲ್ಪನೆ: ಆ ಹಸಿರು ಹುಲ್ಲುಗಾವಲುಗಳು ಪ್ರಕೃತಿ ತಾನಾಗಿ ಕೊಟ್ಟ ವರ.

ವಾಸ್ತವ: ಎಲ್ಲಕ್ಕಿಂತ ದೊಡ್ಡ ತಪ್ಪು ತಿಳಿವಳಿಕೆ ಇದೇ. ನಮ್ಮ ಕುದುರೆಮುಖದ ನೆತ್ತಿಯ ಹುಲ್ಲುಗಾವಲು, ಶೋಲಾ ಕಾಡಿನ ಜೊತೆಗೆ, ಪ್ರಕೃತಿಯದೇ ಏರ್ಪಾಡು. ಅದೇ ಕಣ್ಣಿನಿಂದ ಬೋಹಿನ್ ನೋಡಿದರೆ ಮೋಸಹೋಗುತ್ತೇವೆ. ಸರೋವರ ಇರುವುದು ಸಮುದ್ರಮಟ್ಟದಿಂದ ಬರಿ 526 ಮೀಟರ್ ಎತ್ತರದಲ್ಲಿ. ಅಲ್ಲಿಂದ ಸಾವಿರ ಮೀಟರಿಗೂ ಹೆಚ್ಚು ಮೇಲಕ್ಕೆ ಬೀಚ್ ಮತ್ತು ಸ್ಪ್ರೂಸ್ ಮರಗಳು ಸುಖವಾಗಿ ಬೆಳೆಯುತ್ತವೆ. ಮನುಷ್ಯ ಕೈಹಾಕದಿದ್ದರೆ ಊರ ಸುತ್ತಲ ಇಳಿಜಾರೆಲ್ಲ ಕಾಡೇ ಆಗಿರುತ್ತಿತ್ತು. ತಲೆತಲಾಂತರದಿಂದ ಜನ ಕಡಿದರು, ಮೇಯಿಸಿದರು, ವರ್ಷ ವರ್ಷವೂ ಕೊಯ್ದರು. ಕೊಯ್ಲು ನಿಂತ ಕಡೆ ಮೊದಲು ಪೊದೆ, ಆಮೇಲೆ ಗಿಡ, ಕೊನೆಗೆ ಕಾಡು ಹಿಂತಿರುಗುತ್ತದೆ. ನಾವು ನೋಡಿ ಬೆರಗಾಗುವ ಆ ನಯವಾದ ಹಸಿರು ಉದ್ದ ಹಿಡಿಯ ಕುಡುಗೋಲಿನ ಕೆಲಸ.

ಈ ಮಾತಿಗೆ ಸಾಕ್ಷಿ ಬೇಕಾದರೆ ಸ್ತುದೋರ್ ಊರಿನ ಅಂಚಿಗೆ ಹೋಗಿ ನಿಲ್ಲಬೇಕು. ಅಲ್ಲಿ ಹುಲ್ಲು ಒಣಹಾಕುವ ಮರದ ಚೌಕಟ್ಟುಗಳು ಸಾಲಾಗಿ ನಿಂತಿವೆ. ಸ್ಲೊವೇನಿಯಾದ ಬೇರೆಡೆ ಇದನ್ನು ಕೊಜೋಲೆತ್ಸ್ ಎನ್ನುತ್ತಾರೆ, ಬೋಹಿನ್‌ನವರಿಗೆ ಇದು ಸ್ತೋಗ್. ಮಲೆನಾಡಿನ ತೋಟದ ಬಾಯಿಗೆ ಹಾಕುವ ಉಣಗೋಲನ್ನು ನೆನಪಿಸಿಕೊಳ್ಳಿ: ಎರಡು ಕಂಬ, ನಡುವೆ ಅಡ್ಡ ಹಾಯಿಸಿದ ಗಳಗಳು. ಅದನ್ನೇ ಆಳೆತ್ತರ ಮೀರಿ ಬೆಳೆಸಿ, ಮೇಲೆ ಮಾಡು ಹೊದಿಸಿದರೆ ಸ್ತೋಗ್ ಆಗುತ್ತದೆ. ಅಂಥ ಎರಡನ್ನು ಎದುರುಬದುರು ನಿಲ್ಲಿಸಿ ಒಂದೇ ಸೂರಿನಡಿ ಜೋಡಿಸಿದ್ದಕ್ಕೆ ತೊಪ್ಲಾರ್ ಎಂದು ಹೆಸರು. ಅದರ ಅಟ್ಟದಲ್ಲಿ ಒಣಗಿದ ಹುಲ್ಲು, ಕೆಳಗಿನ ನೆರಳಿನಲ್ಲಿ ಗಾಡಿ.

ಇಷ್ಟೆಲ್ಲ ಏಕೆಂದರೆ ಇದು ಮಳೆಯ ಸೀಮೆ. ಕೊಯ್ದ ಹುಲ್ಲು ನೆಲದ ಮೇಲೇ ಬಿದ್ದಿದ್ದರೆ ಕೊಳೆಯುತ್ತದೆ. ಗಳದಿಂದ ಗಳಕ್ಕೆ ನೇತುಹಾಕಿದರೆ ಮಾಡು ಮಳೆಯನ್ನು ತಡೆಯುತ್ತದೆ, ಗಾಳಿ ಎರಡೂ ಬದಿಯಿಂದ ನುಗ್ಗಿ ಒಣಗಿಸುತ್ತದೆ. ಚಳಿಗಾಲವಿಡೀ ಹಿಮದಲ್ಲಿ ಕೊಟ್ಟಿಗೆಯೊಳಗೇ ಇರುವ ದನಗಳ ಹೊಟ್ಟೆ ತುಂಬಬೇಕಾದದ್ದು ಇದೇ ಹುಲ್ಲಿನಿಂದ. ಇಂದು ಯಂತ್ರ ಹುಲ್ಲನ್ನು ಉಂಡೆ ಸುತ್ತಿ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿಬಿಡುತ್ತದೆ, ಹೀಗಾಗಿ ಹಲವು ಚೌಕಟ್ಟುಗಳ ಗಳಗಳು ಬರಿದಾಗಿವೆ. ಬಿಸಿಲಿಗೆ ಬೂದುಬಣ್ಣಕ್ಕೆ ತಿರುಗಿದ ಆ ಮರದ ಮೇಲೆ ಕೈಯಿಟ್ಟರೆ ಗಳಗಳ ಅಂಚು ನುಣುಪಾಗಿರುವುದು ತಿಳಿಯುತ್ತದೆ. ಬೇಸಿಗೆ ಬೇಸಿಗೆಯೂ ಅದರ ಮೇಲೆ ಜಾರಿದ ಹುಲ್ಲಿನ ಹೊರೆ ಮಾಡಿದ ನುಣುಪು ಅದು.

5. ತಪ್ಪು ಕಲ್ಪನೆ: ಬೆಟ್ಟದ ಮೇಲಿನ ಆ ಮರದ ಗುಡಿಸಲುಗಳು ಪ್ರವಾಸಿಗರಿಗಾಗಿ ಕಟ್ಟಿದವು.

ವಾಸ್ತವ: ಊರುಗಳಿಂದ ಮೇಲೆ ಹೋಗುವ ದಾರಿಗಳು ಬಹುಪಾಲು ಒಂದಲ್ಲ ಒಂದು ‘ಪ್ಲಾನಿನಾ’ಗೆ ಮುಟ್ಟುತ್ತವೆ. ಪ್ಲಾನಿನಾ ಎಂದರೆ ಬೇಸಿಗೆಯ ಮೇವಿನ ತಾಣ. ಹಿಂದೆ ದನಗಳ ವರ್ಷವೆಲ್ಲ ಮೆಟ್ಟಿಲುಗಳಂತೆ ಜೋಡಣೆಯಾಗಿತ್ತು. ಚಳಿಗಾಲದಲ್ಲಿ ಊರಿನ ಕೊಟ್ಟಿಗೆ. ಹಿಮ ಕರಗಿ ಹುಲ್ಲು ಚಿಗುರಿದಂತೆ ವೋಗಾರ್, ಉಸ್ಕೋವ್ನಿತ್ಸಾ, ಜಾಯಾಮ್ನಿಕಿಯಂಥ ನಡುಎತ್ತರದ ತಾಣಗಳು. ಬೇಸಿಗೆ ಬಲಿತಾಗ 1,500 ಮೀಟರಿಗೂ ಮೇಲಿನ ಲಾಜ್, ಕ್ರ್ಸ್ತೆನಿತ್ಸಾ. ಶರತ್ಕಾಲದಲ್ಲಿ ಅದೇ ಮೆಟ್ಟಿಲು ಇಳಿದು ಮನೆಗೆ. ದನಗಳು ಮೇಲಿರುವ ಹೊತ್ತಿನಲ್ಲಿ ಕೆಳಗೆ ಊರಿನವರು ಚಳಿಗಾಲದ ಹುಲ್ಲು ಕೊಯ್ದು ಸ್ತೋಗ್‌ಗೆ ಏರಿಸುತ್ತಿದ್ದರು. ಮೇಲಿನ ಹುಲ್ಲು ಬಾಯಿಗೆ, ಕೆಳಗಿನ ಹುಲ್ಲು ದಾಸ್ತಾನಿಗೆ. ಎಷ್ಟು ಅಚ್ಚುಕಟ್ಟಾದ ಲೆಕ್ಕ!

ಗುಡಿಸಲುಗಳ ಕಟ್ಟಡದಲ್ಲೂ ಈ ಲೆಕ್ಕ ಕಾಣುತ್ತದೆ. ಬೋಹಿನ್‌ನ ಹಳೆಯ ಮಾದರಿಯಲ್ಲಿ ಕೆಳಗೆ ದನ, ಮೇಲೆ ಜನ. ದನದ ಮೈಬಿಸಿ ಮೇಲಿನ ಕೋಣೆಗೂ ಏರುತ್ತದೆ. ಜಾಯಾಮ್ನಿಕಿಯಲ್ಲಿ ಇಂಥ ಗುಡಿಸಲುಗಳು ಇಳಿಜಾರಿನುದ್ದಕ್ಕೂ ಸಾಲುಗಟ್ಟಿವೆ, ನಡುವಿನ ಹುಲ್ಲುಗಾವಲಿಗೆ ಒಂದೂ ಕಾಲಿಟ್ಟಿಲ್ಲ. ಮೇವಿನ ನೆಲ ಹಾಳಾಗಬಾರದೆಂಬ ಹಳ್ಳಿಯ ವಿವೇಕ ಅದು.

ಇಂದು ಕೆಲವು ಗುಡಿಸಲುಗಳು ರಜೆಯ ಮನೆಗಳಾಗಿವೆ, ನಿಜ. ಆದರೆ ಹಲವು ಪ್ಲಾನಿನಾಗಳಿಗೆ ಇಂದಿಗೂ ದನ ಏರುತ್ತದೆ. ಕೆಲವೆಡೆ ಅಲ್ಲೇ ಹಾಲು ಕರೆದು ಚೀಸ್ ಮಾಡುತ್ತಾರೆ, ದಾರಿಹೋಕರಿಗೆ ಹುಳಿ ಹಾಲು ಕೊಡುತ್ತಾರೆ. ಅಲ್ಲಿನ ನಾಡತಳಿಯ ಹಸು ತ್ಸಿಕಾ: ಗಿಡ್ಡ ಮೈ, ಕೆಂಗಂದು ಬಣ್ಣ, ಬೆನ್ನುದ್ದಕ್ಕೂ ಬಿಳಿಯ ಪಟ್ಟೆ, ಕಡಿದಾದ ಬೆಟ್ಟಕ್ಕೆ ಹೇಳಿಮಾಡಿಸಿದ ಕಾಲು. ಸೆಪ್ಟೆಂಬರ್‌ನಲ್ಲಿ ದನಗಳು ಹೂವು ಮುಡಿದು, ದೊಡ್ಡ ಗಂಟೆ ಕಟ್ಟಿಕೊಂಡು ಇಳಿಯುವಾಗ ನಡೆಯುವ ಹಬ್ಬಕ್ಕೆ ‘ಕ್ರಾವ್ಯಿ ಬಾಲ್’, ಅಂದರೆ ಹಸುಗಳ ನರ್ತನಕೂಟ ಎಂದು ಹೆಸರು. ನಮ್ಮ ಸಂಕ್ರಾಂತಿಯ ಕಿಚ್ಚು ಹಾಯಿಸುವ ಸಂಜೆಯನ್ನು ಕಂಡವರಿಗೆ ಆ ಸಡಗರವನ್ನು ಬಿಡಿಸಿ ಹೇಳಬೇಕಿಲ್ಲ.

6. ತಪ್ಪು ಕಲ್ಪನೆ: ಇವು ಹೊರಜಗತ್ತಿನ ಗಾಳಿ ಸೋಕದೆ ಉಳಿದ ಹಳ್ಳಿಗಳು.

ವಾಸ್ತವ: ಸ್ತಾರಾ ಫುಝಿನಾ ಎಂಬ ಹೆಸರಿನ ಅರ್ಥವೇ ‘ಹಳೆಯ ಕಬ್ಬಿಣದ ಕಾರ್ಖಾನೆ’. ರುದ್ನಿತ್ಸಾ ಗುಡ್ಡದ ಹೆಸರಿನಲ್ಲಿರುವ ‘ರುದಾ’ ಎಂದರೆ ಅದಿರು. ಶತಮಾನಗಳ ಕಾಲ ಇಲ್ಲಿ ಅದಿರು ತೆಗೆದು, ಕಾಡಿನ ಮರ ಸುಟ್ಟು ಇದ್ದಿಲು ಮಾಡಿ, ಕಬ್ಬಿಣ ಕರಗಿಸಿದರು. ತ್ರಿಗ್ಲಾವ್ ಏರಲು 1778ರಲ್ಲಿ ಪ್ರೋತ್ಸಾಹ ಕೊಟ್ಟ ಝೀಗಾ ತ್ಸೋಯಿಸ್ ಈ ಕಬ್ಬಿಣದ ಉದ್ಯಮದ ಒಡೆಯ, ವಿದ್ವಾಂಸರ ಪೋಷಕ.

ಕಬ್ಬಿಣದ ಕಸುಬು ಇಳಿಮುಖವಾದ ಕಾಲದಲ್ಲಿ ಚೀಸ್‌ನ ಕಸುಬು ಚಿಗುರಿತು. ಹಾಲು ಉತ್ಪಾದಕರ ಸಹಕಾರ ಸಂಘ 1873ರಲ್ಲಿ ಇಲ್ಲಿ ಹುಟ್ಟಿತು. ಎಮೆಂಟಾಲ್ ಮಾದರಿಯ ದೊಡ್ಡ ಚಕ್ರದಂಥ ಚೀಸ್ ಮಾಡುವುದನ್ನು ಕಲಿಸಲು ಸ್ವಿಟ್ಜರ್ಲೆಂಡಿನ ಕುಶಲಕರ್ಮಿಯನ್ನೇ ಕರೆಸಿದರು. ಸ್ತಾರಾ ಫುಝಿನಾದ ಹಳೆಯ ಚೀಸ್ ಕೇಂದ್ರ 1971ರಿಂದ ವಸ್ತುಸಂಗ್ರಹಾಲಯವಾಗಿದೆ. ತಾಮ್ರದ ಕಡಾಯಿಗಳನ್ನು ಅಲ್ಲಿ ಕಣ್ಣಾರೆ ನೋಡಬಹುದು.

1906ರಲ್ಲಿ ರೈಲು ಬಂತು. ಬೋಹಿನ್‌ನಿಂದ ದಕ್ಷಿಣಕ್ಕೆ ಬೆಟ್ಟ ಕೊರೆದು 6 ಕಿಲೋಮೀಟರಿಗೂ ಉದ್ದದ ಸುರಂಗ ಮಾಡಿ ಹಳಿಯನ್ನು ಟ್ರಿಯೆಸ್ಟ್ ಬಂದರಿನ ಕಡೆಗೆ ಒಯ್ದರು. ಮೊದಲ ಮಹಾಯುದ್ಧದಲ್ಲಿ ಬೆಟ್ಟದಾಚೆಯ ಇಸೊಂಜೊ ರಣರಂಗಕ್ಕೆ ಸರಂಜಾಮು ಹೋದದ್ದು ಈ ಕಣಿವೆಯ ಮೂಲಕ. ಉಕಾಂತ್ಸ್‌ನ ಮರಗಳ ನಡುವೆ ಸೈನಿಕರ ಸಮಾಧಿಗಳಿವೆ. ಇಂದು ಅದೇ ರೈಲಿನಲ್ಲಿ ಬೋಹಿನ್‌ಸ್ಕಾ ಬಿಸ್ತ್ರಿತ್ಸಾ ನಿಲ್ದಾಣದಲ್ಲಿ ಇಳಿದರೆ, ಕಾರಿಲ್ಲದೆಯೂ ಈ ಊರುಗಳನ್ನು ತಲುಪಬಹುದು.

7. ತಪ್ಪು ಕಲ್ಪನೆ: ರಾಷ್ಟ್ರೀಯ ಉದ್ಯಾನವೆಂದ ಮೇಲೆ ಅಲ್ಲಿ ಜನ ಇರುವಂತಿಲ್ಲ.

ವಾಸ್ತವ: ನಾಗರಹೊಳೆ, ಬಂಡೀಪುರ ನೋಡಿದ ನಮಗೆ ರಾಷ್ಟ್ರೀಯ ಉದ್ಯಾನ ಎಂದರೆ ಗೇಟು, ಜೀಪು, ಜನರಿಲ್ಲದ ಕಾಡು. ಸ್ಲೊವೇನಿಯಾದ ಏಕೈಕ ರಾಷ್ಟ್ರೀಯ ಉದ್ಯಾನವಾದ ತ್ರಿಗ್ಲಾವ್‌ನ ಬಗೆ ಬೇರೆ. 1924ರಲ್ಲಿ ಏಳು ಸರೋವರಗಳ ಕಣಿವೆಯಲ್ಲಿ ಸಣ್ಣ ಸಂರಕ್ಷಿತ ಪ್ರದೇಶವಾಗಿ ಶುರುವಾಗಿ, 1961ರಲ್ಲಿ ರಾಷ್ಟ್ರೀಯ ಉದ್ಯಾನವಾಗಿ, 1981ರಲ್ಲಿ ಇಂದಿನ ವಿಸ್ತಾರಕ್ಕೆ ಬೆಳೆಯಿತು. ಅದರ ಗಡಿಯೊಳಗೆ ಎರಡು ಸಾವಿರಕ್ಕೂ ಹೆಚ್ಚು ಜನ ಬಾಳುತ್ತಾರೆ. ಸ್ತಾರಾ ಫುಝಿನಾ, ಸ್ತುದೋರ್ ಎರಡೂ ಉದ್ಯಾನದ ಒಳಗಿನ ಊರುಗಳೇ. ಕೊಯ್ಲು ಮತ್ತು ಮೇವು ನಿಂತರೆ ಹೂವಿನ ಹುಲ್ಲುಗಾವಲುಗಳೂ ಅವುಗಳಲ್ಲಿ ಬದುಕುವ ಚಿಟ್ಟೆಗಳೂ ಇಲ್ಲವಾಗುತ್ತವೆ. ಆದ್ದರಿಂದ ಇಲ್ಲಿ ರೈತನ ಕೆಲಸವೂ ಸಂರಕ್ಷಣೆಯ ಒಂದು ಭಾಗ.

ಜನರಿದ್ದಾರೆಂದು ನಿಯಮಗಳಿಲ್ಲ ಎಂದಲ್ಲ. ಕಂಡಲ್ಲಿ ಡೇರೆ ಹಾಕುವಂತಿಲ್ಲ, ಬೆಂಕಿ ಹಾಕುವಂತಿಲ್ಲ. ರಾತ್ರಿ ತಂಗಲು ಊರಿನ ಮನೆಗಳೂ ಬೆಟ್ಟದ ವಸತಿಗೃಹಗಳೂ ಗೊತ್ತುಮಾಡಿದ ಶಿಬಿರ ತಾಣಗಳೂ ಇವೆ.

8. ತಪ್ಪು ಕಲ್ಪನೆ: ಸರೋವರದ ಸೀಮೆ, ಬೇಸಿಗೆ ಕಾಲ. ಕುಡಿಯುವ ನೀರಿಗೂ ಹವೆಗೂ ಚಿಂತೆಯಿಲ್ಲ.

ವಾಸ್ತವ: ಎರಡೂ ಕಡೆ ಎಚ್ಚರ ಬೇಕು. ಸಮುದ್ರದಿಂದ ಬರುವ ತೇವದ ಗಾಳಿಗೆ ಈ ಬೆಟ್ಟಗಳು ಮೊದಲ ಗೋಡೆ. ಸರೋವರದ ಪಶ್ಚಿಮದ ಮೇಲ್ಭಾಗದಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ, ಹಿಮ ಬೀಳುತ್ತದೆ. ಮಡಿಕೇರಿಯವರಿಗೆ ಈ ಅಂಕಿ ಏನೆಂದು ಗೊತ್ತು. ಬೇಸಿಗೆಯ ಮಧ್ಯಾಹ್ನಗಳಲ್ಲಿ ಗುಡುಗುಮಳೆ ಹಠಾತ್ತನೆ ಬರುತ್ತದೆ. ಆದ್ದರಿಂದ ಬೆಳಿಗ್ಗೆ ಬೇಗ ಹೊರಟು ಮಧ್ಯಾಹ್ನದೊಳಗೆ ಎತ್ತರದಿಂದ ಇಳಿಯುವುದು ಅಲ್ಲಿನವರ ರೂಢಿ.

ಇಷ್ಟು ಮಳೆ ಬಿದ್ದರೂ ಮೇಲಿನ ದಾರಿಯಲ್ಲಿ ತೊರೆ ಸಿಗುವುದು ಅಪರೂಪ. ಕಾರಣ, ನೆಲವೆಲ್ಲ ಸುಣ್ಣಕಲ್ಲು. ನೀರು ಬಿರುಕುಗಳಲ್ಲಿ ಇಳಿದು ಬೆಟ್ಟದ ಒಡಲೊಳಗೇ ಹರಿಯುತ್ತದೆ. ಅದು ಎಲ್ಲಿ ಹೊರಬರುತ್ತದೆಂದು ನೋಡಬೇಕಾದರೆ ಸಾವಿತ್ಸಾ ಜಲಪಾತಕ್ಕೆ ಹೋಗಬೇಕು. ಬಂಡೆಯ ಗೋಡೆಯ ನಡುವಿನಿಂದಲೇ ನದಿಯೊಂದು ಹುಟ್ಟಿ 78 ಮೀಟರ್ ಧುಮುಕುತ್ತದೆ, ಕೆಳಗೆ ಹರಿದು ಸರೋವರ ಸೇರುತ್ತದೆ. ಸ್ಲೊವೇನಿಯಾದ ಮಹಾಕವಿ ಫ್ರಾನ್ಸೆ ಪ್ರೆಶೆರೆನ್ 1836ರ ತನ್ನ ಕಥನಕಾವ್ಯದ ಹೆಸರಿನಲ್ಲೇ ಈ ಸಾವಿತ್ಸಾವನ್ನು ಸೇರಿಸಿದ. ನಡೆಯುವವರಿಗೆ ಇದರ ಪಾಠ ಸರಳ: ಊರು ಬಿಡುವ ಮುನ್ನ ಬಾಟಲಿ ತುಂಬಿಸಿಕೊಳ್ಳಿ. ಒದ್ದೆಯಾದ ಸುಣ್ಣಕಲ್ಲು ಜಾರುತ್ತದೆ, ಹಿಡಿತವಿರುವ ಬೂಟು ಹಾಕಿ.

9. ತಪ್ಪು ಕಲ್ಪನೆ: ಭಾಷೆ ಬಾರದ ನಾಡಿನಲ್ಲಿ ದಾರಿ ತಪ್ಪುವುದು ಖಂಡಿತ.

ವಾಸ್ತವ: ಮರದ ಕಾಂಡದ ಮೇಲೆ, ಬಂಡೆಯ ಮೇಲೆ ಒಂದು ಗುರುತು ಕಾಣುತ್ತದೆ: ಬಿಳಿಯ ಚುಕ್ಕೆ, ಸುತ್ತ ಕೆಂಪು ಬಳೆ. ಅಲೋಯ್ಸ್ ಕ್ನಾಫೆಲ್ತ್ಸ್ ಎಂಬುವರು 1922ರಲ್ಲಿ ರೂಪಿಸಿದ ಈ ಗುರುತನ್ನು ಇಂದಿಗೂ ದೇಶದ ತುಂಬ ಬಳಸುತ್ತಾರೆ. ಕವಲುಗಳಲ್ಲಿ ಫಲಕಗಳಿರುತ್ತವೆ, ಅವುಗಳ ಮೇಲೆ ತಲುಪಲು ಬೇಕಾದ ಹೊತ್ತು ಬರೆದಿರುತ್ತದೆ. ಬೆಟ್ಟದಲ್ಲಿ ದೂರಕ್ಕಿಂತ ಹೊತ್ತೇ ಸರಿಯಾದ ಅಳತೆ. ದಾರಿಗಳನ್ನು ಸುಲಭ, ಕಠಿಣ, ಅತಿ ಕಠಿಣ ಎಂದು ವಿಂಗಡಿಸಿದ್ದಾರೆ. ಊರುಗಳ ನಡುವಿನವು ಸುಲಭದ ಸಾಲಿಗೆ ಸೇರುತ್ತವೆ. ಆಪತ್ತಿಗೆ 112 ಒತ್ತಬೇಕು.

10. ತಪ್ಪು ಕಲ್ಪನೆ: ಸಸ್ಯಾಹಾರಿಗಳು ಅಲ್ಲಿ ಬ್ರೆಡ್ಡು ತಿಂದು ದಿನ ಕಳೆಯಬೇಕು.

ವಾಸ್ತವ: ಬೆಟ್ಟದ ಮನೆಗಳ ಹಳೆಯ ಊಟ ಝ್ಗಾಂತ್ಸಿ. ಮೆಕ್ಕೆಜೋಳದ ಅಥವಾ ಬಕ್‌ವೀಟ್ ಎಂಬ ಧಾನ್ಯದ ಹಿಟ್ಟನ್ನು ಉಪ್ಪು ಹಾಕಿ ಕುದಿಸಿದ ನೀರಿಗೆ ಸುರಿದು, ಹಿಟ್ಟಿನ ನಡುವೆ ಕೋಲಿನಿಂದ ತೂತು ಮಾಡಿ ಬೇಯಲು ಬಿಡುತ್ತಾರೆ. ರಾಗಿಮುದ್ದೆ ಮಾಡುವ ಮನೆಯಲ್ಲಿ ಬೆಳೆದವರು ಇದನ್ನು ನೋಡಿದರೆ ಕಣ್ಣರಳಿಸುತ್ತಾರೆ. ವ್ಯತ್ಯಾಸ ಕೊನೆಯಲ್ಲಿದೆ: ನಾವು ತಿರುವಿ ಉಂಡೆ ಕಟ್ಟುತ್ತೇವೆ, ಅವರು ಫೋರ್ಕಿನಿಂದ ಪುಡಿಪುಡಿ ಮಾಡುತ್ತಾರೆ. ಜೊತೆಗೆ ಬಟ್ಟಲು ತುಂಬ ಹುಳಿ ಹಾಲು, ನಮ್ಮ ಗಟ್ಟಿ ಮಜ್ಜಿಗೆಯ ಬಂಧು.

ಎರಡು ಮಾತು ನೆನಪಿರಲಿ. ಝ್ಗಾಂತ್ಸಿಯ ಮೇಲೆ ಹಂದಿಯ ಕೊಬ್ಬಿನ ಹುರಿದ ಚೂರುಗಳನ್ನು ಉದುರಿಸುವ ರೂಢಿಯಿದೆ, ಬೇಡವೆಂದು ಮೊದಲೇ ಹೇಳಬೇಕು. ಇನ್ನು ಸಾಂಪ್ರದಾಯಿಕ ಚೀಸ್‌ಗೆ ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪು ಬಳಸುವುದುಂಟು, ಕಟ್ಟುನಿಟ್ಟಿನವರು ಕೇಳಿ ತಿನ್ನುವುದು ಒಳ್ಳೆಯದು. ಆ ತೊಡಕಿಲ್ಲದವರು ಮೊಹಾಂತ್ ರುಚಿ ನೋಡದೆ ಬರಬಾರದು. ಮೆತ್ತನೆಯ, ಗಾಢ ವಾಸನೆಯ, ನಾಲಗೆಗೆ ತುಸು ಖಾರ ತಾಗುವ ಈ ಚೀಸ್ ಬೋಹಿನ್ ಬಿಟ್ಟರೆ ಬೇರೆಲ್ಲೂ ಇಲ್ಲ. ಐರೋಪ್ಯ ಒಕ್ಕೂಟ ಅದರ ಹೆಸರಿಗೆ ರಕ್ಷಣೆಯನ್ನೂ ಕೊಟ್ಟಿದೆ.

11. ತಪ್ಪು ಕಲ್ಪನೆ: ಬರಿ ಹುಲ್ಲು ತಾನೆ, ಮೇಲೆ ನಡೆದರೇನು?

ವಾಸ್ತವ: ಈ ಮಾತನ್ನು ಕೊನೆಗಿಟ್ಟುಕೊಂಡದ್ದಕ್ಕೆ ಕಾರಣವಿದೆ. ಜೂನ್ ತಿಂಗಳ ಹುಲ್ಲುಗಾವಲು ಮೊಳಕಾಲು ಮುಚ್ಚುವಷ್ಟು ಬೆಳೆದು ಹೂವಾಡುತ್ತಿರುತ್ತದೆ. ಫೋಟೊ ತೆಗೆಸಿಕೊಳ್ಳಲು ನಡುವೆ ಹೋಗಿ ಕೂರಬೇಕೆಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ ಅದು ಒಬ್ಬ ರೈತನ ಬೆಳೆ. ತುಳಿದು ಮಲಗಿದ ಹುಲ್ಲಿಗೆ ಕುಡುಗೋಲೂ ಯಂತ್ರವೂ ಸರಿಯಾಗಿ ತಾಗುವುದಿಲ್ಲ. ಹಾಲುಗಟ್ಟಿದ ಭತ್ತದ ಗದ್ದೆಗೆ ನಾವು ಇಳಿಯುತ್ತೇವೆಯೇ? ಹಾಗೆಯೇ ಇದು. ಜಾಡು ಬಿಟ್ಟು ನಡೆಯಬಾರದು, ಕರು ಜೊತೆಗಿರುವ ಹಸುವಿನ ಹತ್ತಿರ ಹೋಗಬಾರದು, ಕಸ ಬಿಡಬಾರದು.

ಮೇವಿನ ತಾಣಕ್ಕೆ ಹೋಗುವ ದಾರಿಯಲ್ಲಿ ಬೇಲಿಗೊಂದು ಮರದ ಗೇಟು ಅಡ್ಡ ಬರುತ್ತದೆ. ಅದು ದಾರಿಹೋಕರನ್ನು ತಡೆಯಲೆಂದು ಇಟ್ಟದ್ದಲ್ಲ, ದನ ದಾಟದಿರಲೆಂದು ಇಟ್ಟದ್ದು. ತೆರೆದು ಒಳಗೆ ಹೋಗಬಹುದು, ಆದರೆ ಹಿಂದಿರುಗಿ ಮುಚ್ಚಲೇಬೇಕು. ಉಣಗೋಲು ಸರಿಸಿ ಬಂದವರು ಅದನ್ನು ಮತ್ತೆ ಹಾಕದೆ ಹೋದರೆ ಮಲೆನಾಡಿನ ಅಜ್ಜಂದಿರು ಅಂಗಳದಿಂದಲೇ ಕೂಗಿ ಎಚ್ಚರಿಸುತ್ತಿದ್ದರು. ಬೋಹಿನ್‌ನಲ್ಲಿ ಕೂಗುವವರು ಎದುರಿಗೆ ಇಲ್ಲದಿರಬಹುದು. ಆದರೂ ಅಗುಳಿ ಕೂತ ಸದ್ದು ಕೇಳಿದ ಮೇಲೆಯೇ ಮುಂದಿನ ಊರಿನ ಕಡೆಗೆ ಹೆಜ್ಜೆ ಹಾಕಿ.